ಕಟ್ಟೆಯಲ್ಲಿ ಮಾತು, ಸಭೆಯಲ್ಲಿ ಮೌನ



ಸೆಪ್ಟೆಂಬರ್ ಬಂತೆಂದರೆ ಊರೂರ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ. ನಾವು ಹೋಗುತ್ತೇವೆ, ಪುಸ್ತಕಕ್ಕೆ ಸಹಿ ಹಾಕುತ್ತೇವೆ, ಕೊಟ್ಟ ಖಾರ-ಬೂಂದಿ ತಿಂದು ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಲೆಕ್ಕಪತ್ರ ಓದಿ "ಒಪ್ಪಿಗೆಯೇ?" ಅಂದರೆ ಚಪ್ಪಾಳೆ ತಟ್ಟುತ್ತೇವೆ. ಅರಳಿಕಟ್ಟೆಗೆ ಬಂದ ಮೇಲೆ ನೋಡಿ, ನಮ್ಮ ಬಾಯಿ ಬಿಚ್ಚುತ್ತದೆ!

ಯಾಕೆ ಹೀಗೆ? ರೈತ ಹೇಡಿ ಅಂತ ಅಲ್ಲ. ಅವನ ಪಹಣಿ, ಸಾಲದ ಅರ್ಜಿ ಎರಡೂ ಸಂಘದ ಮೇಜಿನ ಮೇಲಿರುತ್ತವೆ. ಗಡುವಿನ ದಿನ ಕೈಸಾಲ ತಂದು ಹಳೇ ಬಾಕಿ ಕಟ್ಟಿ ಹೊಸ ಸಾಲಕ್ಕೆ ಕಾಯುವವನಿಗೆ, "ಮುಂದಿನ ವಾರ ಬಾರಪ್ಪ" ಅಂದರೆ ಗತಿಯೇನು? ಕೈಸಾಲದ ಬಡ್ಡಿ ಒಂದೊಂದು ದಿನವೂ ಓಡುತ್ತೆ. ಸಾಲವೇ ಅವನ ಬಾಯಿಗೆ ಬೀಗ.

ಇನ್ನೊಂದು ಬೀಗ ನಾವೇ ಹಾಕಿದ್ದು. ಓದು ಬಾರದವನು ಎದ್ದು ತೊದಲಿದರೆ ನಗುವವರು ಯಾರು? ಹೆಣ್ಣುಮಗಳು ಎದ್ದರೆ "ಕೂತ್ಕೊಳ್ಳಮ್ಮ" ಅನ್ನುವವರು ಯಾರು? ನಾವೇ ಅಲ್ಲವೇ?

ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ವರ್ಷ ನನ್ನ ಸಾಲದಲ್ಲಿ ಷೇರು ಹಣವೆಂದು ಮುರಿದುಕೊಂಡರು, ರಸೀದಿ ಕೊಡಲಿಲ್ಲ. ಕೇಳಬೇಕೆಂದು ಹೋದವನು ಸುಮ್ಮನೆ ಕೂತು ಬಂದೆ. ದಾರಿಯಲ್ಲಿ ವಿಚಾರಿಸಿದರೆ ಜೊತೆಗಿದ್ದ ನಾಲ್ವರದೂ ಅದೇ ಕಥೆ! ಮರುವರ್ಷ ಸಭೆಯ ಹಿಂದಿನ ರಾತ್ರಿಯೇ ಕೂಡಿ, ಪ್ರಶ್ನೆ ಬರೆದುಕೊಂಡು, ಐದೂ ಜನ ಒಟ್ಟಿಗೆ ಎದ್ದು ನಿಂತೆವು. ರಸೀದಿ ಬಂತು. ಯಾರ ಸಾಲವೂ ನಿಲ್ಲಲಿಲ್ಲ.

1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟೋದಿಲ್ಲ ಅಂದರು. ಒಬ್ಬನೇ ಅಂದಿದ್ದರೆ ಅವನ ಮನೆಗೆ ಜಪ್ತಿ ಬರುತ್ತಿತ್ತು. ಊರಿಗೆ ಊರೇ ಅಂದಾಗ ಅದು ಚಳವಳಿಯಾಯಿತು. ಆ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಗುಂಡಿಗೆ ಪ್ರಾಣ ಕೊಟ್ಟರು. ನಮಗೆ ಇವತ್ತು ಕೇಳಿರುವುದು ಪ್ರಾಣವಲ್ಲ, ಎರಡು ಮಾತು.

ಸಂಘ ಯಾರ ಮನೆಯ ಆಸ್ತಿಯೂ ಅಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ್ದು ರೈತನ ಆಸರೆಗೆ. ಅಲ್ಲಿ ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಓಟು.

ಆದ್ದರಿಂದ ಈ ಸಲ ಒಂಟಿಯಾಗಿ ಹೋಗಬೇಡಿ. ಹಿಂದಿನ ರಾತ್ರಿ ಹತ್ತು ಜನ ಕೂಡಿ. ಪ್ರಶ್ನೆ ಬರೆದಿಟ್ಟುಕೊಳ್ಳಿ. ತೊದಲುವವನ ಪಕ್ಕದಲ್ಲಿ ಎದ್ದು ನಿಲ್ಲಿ. ಉತ್ತರ ಬರುವ ತನಕ ಚಪ್ಪಾಳೆ ತಟ್ಟಬೇಡಿ.