ಲೋಕದ ಹಾಡೂ ವಿಶ್ವಾಸಿಯ ಕಿವಿಯೂ

ಕಲ್ಕತ್ತೆಯಲ್ಲಿಯೂ ತಾಯ್ನಾಡಿನಲ್ಲಿಯೂ ಇರುವ ಕನ್ನಡ ಕ್ರೈಸ್ತ ಬಂಧುಗಳಿಗೆ ಒಂದು ವಿಜ್ಞಾಪನೆ



ಆರಾಧನೆಯಲ್ಲಿ ಹಾಡುವ ಗೀತೆಗಳನ್ನುಳಿದು ಬೇರಾವ ಸಂಗೀತವೂ ಕ್ರೈಸ್ತನ ಕಿವಿಗೆ ತಕ್ಕುದಲ್ಲವೆಂದೂ, ಸಿನಿಮಾದ ಹಾಡು, ಭಾವಗೀತೆ, ಜನಪದ ಗೀತೆ, ಶಾಸ್ತ್ರೀಯ ಸಂಗೀತ ಇವೆಲ್ಲವೂ ‘ಲೋಕದ ಹಾಡು’ಗಳಾದುದರಿಂದ ವಿಶ್ವಾಸಿಯಾದವನು ಅವುಗಳನ್ನು ಮನೆಯಿಂದಲೂ ಮನಸ್ಸಿನಿಂದಲೂ ಹೊರಹಾಕಬೇಕೆಂದೂ ನಮ್ಮ ಪ್ರಾರ್ಥನಾಕೂಟಗಳಲ್ಲಿ ಹಲವರು ಬೋಧಿಸುತ್ತಿರುವುದನ್ನು ನೀವೆಲ್ಲರೂ ಬಲ್ಲಿರಿ. ಹಾಗೆ ಬೋಧಿಸುವವರ ಭಕ್ತಿಯಲ್ಲಾಗಲಿ ಸದುದ್ದೇಶದಲ್ಲಾಗಲಿ ನಮಗೆ ಸಂದೇಹವಿಲ್ಲ. ಆದರೆ ಆ ಬೋಧನೆಗೆ ಶಾಸ್ತ್ರದ ಆಧಾರವೂ ಇಲ್ಲ, ಸಭೆಯ ಚರಿತ್ರೆಯ ಬೆಂಬಲವೂ ಇಲ್ಲವೆಂಬುದನ್ನು ವಿನಯಪೂರ್ವಕವಾಗಿ ನಿಮ್ಮ ಮುಂದಿಡಬೇಕಾಗಿದೆ. ನಮ್ಮ ಪಕ್ಷವು ಇಷ್ಟೆ: ಹಾಡೊಂದನ್ನು ಅದು ಎಲ್ಲಿ ಹುಟ್ಟಿತೆಂಬುದರಿಂದ ಅಳೆಯದೆ, ಅದು ಸತ್ಯವನ್ನು ನುಡಿಯುತ್ತದೆಯೇ, ಕೇಳಿದವನನ್ನು ಎಂಥವನನ್ನಾಗಿ ಮಾಡುತ್ತದೆ, ಎಂಬುದರಿಂದ ಅಳೆಯಬೇಕು, ಹಾಗೆ ಅಳೆದು ಒಳ್ಳೆಯದನ್ನು ಕೇಳುವುದು ಕ್ರೈಸ್ತನಿಗೆ ನಿಷಿದ್ಧವಲ್ಲ; ಅಷ್ಟೇ ಅಲ್ಲ, ಅನೇಕ ವೇಳೆ ಕರ್ತವ್ಯವೂ ಆಗುತ್ತದೆ.

ಎಸ್ಪ್ಲನೇಡಿನ ಸಾಕ್ಷ್ಯ

ಕಲ್ಕತ್ತೆಯ ಎಸ್ಪ್ಲನೇಡಿನಲ್ಲಿ ನಿಂತ ಕನ್ನಡಿಗನಿಗೆ ಮೊದಲು ಕಾಣುವುದು, ಮೈಸೂರಿನಿಂದ ಪರದೇಶವಾಸಕ್ಕೆ ಬಂದವನೂ ಟಿಪ್ಪು ಸುಲ್ತಾನನ ಕಿರಿಯ ಮಗನೂ ಆದ ಗುಲಾಂ ಮಹಮ್ಮದನು 1842ರಲ್ಲಿ ಕಟ್ಟಿಸಿದ ಮಸೀದಿ. ಅಲ್ಲಿಂದ ಹೊರಡುವ ಧರ್ಮತಲಾ ಬೀದಿಯಲ್ಲಿ 1834ರಷ್ಟು ಹಳೆಯದಾದ ಪವಿತ್ರ ಹೃದಯದ ದೇವಾಲಯ. ಇವೆರಡಕ್ಕೂ ಸಮೀಪದಲ್ಲಿ, ಇದೇ ಎಸ್ಪ್ಲನೇಡಿನಲ್ಲಿ, ದ್ವಾರಕಾನಾಥ ಘೋಷರು 1875ರಲ್ಲಿ ಸ್ಥಾಪಿಸಿದ ‘ದ್ವಾರ್ಕಿನ್ ಅಂಡ್ ಸನ್’ ಎಂಬ ವಾದ್ಯದಂಗಡಿಯು ಬಹುಕಾಲ ವ್ಯಾಪಾರ ನಡೆಸಿತು. ನಮ್ಮ ವಾದಕ್ಕೆ ಆ ಅಂಗಡಿಯೇ ಮೊದಲನೆಯ ಸಾಕ್ಷಿ.

ಹಾರ್ಮೋನಿಯಂ ಎಂಬ ವಾದ್ಯಕ್ಕೆ ಅಲೆಕ್ಸಾಂದ್ರ್ ದೆಬೇನ್ ಎಂಬ ಫ್ರೆಂಚ್ ವಾದ್ಯಶಿಲ್ಪಿಯು ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದದ್ದು ಆ ಮಸೀದಿ ಎದ್ದ 1842ರಲ್ಲಿಯೇ. ದೊಡ್ಡ ಆರ್ಗನ್ನನ್ನು ಕೊಳ್ಳಲಾರದ ಸಣ್ಣ ದೇವಾಲಯಗಳಿಗೂ ಗೃಹಸ್ಥರ ಮನೆಗಳಿಗೂ ಅದು ಒದಗಿಬಂದಿತು. ಮಿಷನರಿಗಳೊಡನೆ ಅದು ನಮ್ಮ ದೇಶಕ್ಕೂ ಬಂದಿತು. ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯನ್ನೊತ್ತುತ್ತ, ಎರಡು ಕೈಗಳಿಂದಲೂ ನುಡಿಸಬೇಕಾಗಿದ್ದ ಈ ವಾದ್ಯವು ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಒಗ್ಗುವಂತಿರಲಿಲ್ಲ. ದ್ವಾರಕಾನಾಥರು ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ಏರಿಸಿ, ಒಂದು ಕೈ ಗಾಳಿಯನ್ನೂದುತ್ತಿರಲು ಇನ್ನೊಂದು ಕೈ ರಾಗವನ್ನು ನುಡಿಸುವಂತೆ ಮಾಡಿದರು. ಸ್ವರಗಳ ಮೇಳಕ್ಕಿಂತ ಏಕಧಾರೆಯ ರಾಗವನ್ನೇ ಆಧರಿಸಿದ ನಮ್ಮ ಸಂಗೀತಕ್ಕೆ ಒಂದು ಕೈಯೇ ಸಾಕಾಗಿದ್ದುದರಿಂದ ಆ ಮಾರ್ಪಾಟು ದೇಶದ ಉದ್ದಗಲಕ್ಕೂ ಹಬ್ಬಿತು.

ಹೀಗೆ ದೇವಾಲಯದಲ್ಲಿ ನುಡಿದ ವಾದ್ಯವು ಕಲ್ಕತ್ತೆಯ ಅಂಗಡಿಯನ್ನು ಹೊಕ್ಕು, ಅಲ್ಲಿಂದ ಸಿಖ್ಖರ ಗುರುದ್ವಾರಕ್ಕೂ ಸೂಫಿಗಳ ಕವ್ವಾಲಿಗೂ ಊರೂರಿನ ಭಜನಾಮಂಡಲಿಗೂ ಹೋಯಿತು. ಕನ್ನಡನಾಡಿನಲ್ಲಿ ಅದು ಕಂಪೆನಿ ನಾಟಕಗಳ ಪೆಟ್ಟಿಗೆಯಾಗಿ ರಂಗಗೀತೆಗಳಿಗೆ ಪ್ರಾಣವಾಯಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರ ಬೆರಳುಗಳಲ್ಲಿ ಶಾಸ್ತ್ರೀಯ ಗೌರವವನ್ನು ಪಡೆಯಿತು. ನಾಟಕದ ಪೆಟ್ಟಿಗೆಯೆಂದು ಜನರು ಬಲ್ಲ ಆ ವಾದ್ಯವೇ ಮರಳಿ ನಮ್ಮ ಹಳ್ಳಿಯ ಸಭೆಗಳಲ್ಲಿ ತಬಲದ ಪಕ್ಕದಲ್ಲಿ ಕುಳಿತು ದೇವರ ಸ್ತೋತ್ರಕ್ಕೆ ಶ್ರುತಿ ಹಿಡಿದಿದೆ. ಇತ್ತ ಕಲಾಭಿಮಾನಿಗಳು ಅದನ್ನು ಪರಕೀಯವೆಂದು ಶಂಕಿಸಿದರು. 1940ರಲ್ಲಿ ಆಕಾಶವಾಣಿಯು ಅದನ್ನು ತನ್ನ ಕೇಂದ್ರಗಳಿಂದ ಹೊರಗಿಟ್ಟು, ಸುಮಾರು ಮೂರು ದಶಕಗಳ ಕಾಲ ಬಾಗಿಲು ತೆರೆಯಲಿಲ್ಲ. ಲೋಕವನ್ನು ಮುಟ್ಟಿದ ಸಂಗೀತವೆಲ್ಲ ಅಶುದ್ಧವೆಂಬ ನಿಯಮವು ನಿಜವಾದರೆ, ಬರುವ ಭಾನುವಾರವೇ ನಾವು ನಮ್ಮ ಸಭೆಗಳಿಂದ ಹಾರ್ಮೋನಿಯಂ ತಬಲಗಳನ್ನು ಹೊರಗೆ ಹೊರಬೇಕಾದೀತು. ಹಾಗೆ ಯಾರೂ ಮಾಡುವುದಿಲ್ಲ; ಏಕೆಂದರೆ ಆ ನಾದದಿಂದ ನಮ್ಮ ಭಕ್ತಿಯು ಕುಂದದೆ ವೃದ್ಧಿಯಾಗಿರುವುದನ್ನು ಎಲ್ಲರೂ ಅನುಭವದಿಂದ ಬಲ್ಲರು.

ಶಾಸ್ತ್ರವು ಹೇಳುವುದೇನು?

ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಿನ್ನರಿಕೊಳಲುಗಳನ್ನು ನುಡಿಸುವವರ ಮೂಲಪುರುಷನೆಂದು ಹೇಳಿರುವ ಯೂಬಾಲನು ಯಾರ ವಂಶದವನು? ಭ್ರಾತೃಹತ್ಯೆಯನ್ನು ಮಾಡಿದ ಕಾಯಿನನ ವಂಶದವನು. ವಾದ್ಯಗಳ ಜನ್ಮವನ್ನು ಶಾಪಗ್ರಸ್ತವಾದ ಕುಲದಲ್ಲಿ ತೋರಿಸಿದ ಶಾಸ್ತ್ರವೇ, ಕೀರ್ತನೆಗಳ ಕಡೆಯ ಅಧ್ಯಾಯದಲ್ಲಿ ಅದೇ ವಾದ್ಯಗಳನ್ನೆಲ್ಲ ಹೆಸರಿಟ್ಟು ಕರೆದು ದೇವರ ಸನ್ನಿಧಿಯಲ್ಲಿ ನಿಲ್ಲಿಸುತ್ತದೆ. ಅರಣ್ಯಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಮರುಭೂಮಿಯ ಬಾವಿಯೊಂದನ್ನು ಕುರಿತು ಹಾಡುತ್ತಾರೆ. ನೀರು ಕಂಡ ಜನರು ನೀರನ್ನು ಕರೆದು ಹಾಡಿದ ಆ ದುಡಿಮೆಯ ಹಾಡು, ನಮ್ಮ ಬೀಸುವ ಕಲ್ಲಿನ ಪದಗಳಿಗೂ ನಾಟಿಯ ಪದಗಳಿಗೂ ಸೋದರಿ. ಸೌಲನ ಮನಸ್ಸು ಕದಡಿದಾಗ ದಾವೀದನು ಕಿನ್ನರಿಯನ್ನು ನುಡಿಸಲು ಅರಸನಿಗೆ ಉಪಶಮನವಾಯಿತೆಂದು ಸಮುವೇಲನ ಮೊದಲನೆಯ ಗ್ರಂಥವು ತಿಳಿಸುತ್ತದೆ. ದಾವೀದನು ಯಾವ ಪದವನ್ನು ಹಾಡಿದನೆಂಬುದನ್ನು ಅದು ಹೇಳುವುದೇ ಇಲ್ಲ, ನಾದವೇ ಅಲ್ಲಿ ಔಷಧ. ಪ್ರಣಯದ ಹಾಡಾದ ಪರಮಗೀತೆಯು ಪವಿತ್ರ ಗ್ರಂಥದೊಳಗೇ ಸ್ಥಾನ ಪಡೆದಿರುವಾಗ, ಗಂಡುಹೆಣ್ಣುಗಳ ಶುದ್ಧ ಪ್ರೀತಿಯನ್ನು ಹಾಡುವ ಭಾವಗೀತೆಯನ್ನು ಕೇಳಿದೆನೆಂದು ಯುವಕನೊಬ್ಬನು ಪಾಪನಿವೇದನೆಗೆ ಓಡಿಬರಬೇಕೆನ್ನುವುದು ಯಾವ ನ್ಯಾಯ?

ಇವೆಲ್ಲಕ್ಕೂ ಮಿಗಿಲಾಗಿ, ನಮ್ಮ ಕರ್ತನು ಹೇಳಿದ ದುಂದುಗಾರ ಮಗನ ಸಾಮ್ಯವನ್ನು ಸ್ಮರಿಸಿರಿ. ಕಳೆದುಹೋಗಿದ್ದ ಮಗನು ಮರಳಿದ ದಿನ ಆ ತಂದೆಯ ಮನೆಯಿಂದ ಹೊರಟದ್ದು ವಾದ್ಯದ ಮತ್ತು ಕುಣಿತದ ಸದ್ದು. ಹೊಲದಿಂದ ಬಂದು ಆ ಸದ್ದನ್ನು ಕೇಳಿ, ಸಿಟ್ಟಾಗಿ, ಒಳಗೆ ಬರಲೊಲ್ಲದೆ ಹೊರಗೆ ನಿಂತವನು ಹಿರಿಯ ಮಗ. ಎಂದೂ ತಪ್ಪು ಮಾಡದ, ಎಂದೂ ಅಪ್ಪಣೆ ಮೀರದ ಆ ಹಿರಿಯವನು ನಾವೇ ಆಗಬಾರದೆಂಬ ಎಚ್ಚರವು ನಿಷೇಧವನ್ನು ಬೋಧಿಸುವ ಪ್ರತಿಯೊಬ್ಬನಿಗೂ ಇರಬೇಕು.

ಸಭೆಯ ನಡೆ

ಶುಭಶುಕ್ರವಾರದಂದು ಕ್ರಿಸ್ತನ ಮುಳ್ಳಿನ ಕಿರೀಟವನ್ನು ನೆನೆದು ಕ್ರೈಸ್ತಲೋಕವು ಹಾಡುವ ಗೀತೆಯ ರಾಗವನ್ನು ಹಾನ್ಸ್ ಲಿಯೋ ಹಾಸ್ಲರನೆಂಬ ಸಂಗೀತಕಾರನು 1601ರಲ್ಲಿ ಪ್ರಕಟಿಸಿದಾಗ ಅದು ತರುಣಿಯೊಬ್ಬಳಿಗಾಗಿ ತಳಮಳಿಸುವ ಪ್ರೇಮಗೀತೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಭಕ್ತರು ಅದಕ್ಕೆ ಭಕ್ತಿಯ ಮಾತುಗಳನ್ನು ಜೋಡಿಸಿದರು. ಸಂಗೀತಕಾರನಾದ ಬಾಖನು ತನ್ನ ಮತ್ತಾಯನ ಶ್ರಮಾಗಾನದಲ್ಲಿ ಅದನ್ನು ಮತ್ತೆ ಮತ್ತೆ ಕರೆದು ತಂದನು. ಇಂದು ಆ ರಾಗವನ್ನು ಕೇಳಿ ಕಣ್ಣೀರಿಡುವ ವಿಶ್ವಾಸಿಯಲ್ಲಿ ಯಾರು ದೋಷವನ್ನೆಣಿಸುತ್ತಾರೆ?

ನಮ್ಮ ನಾಡಿಗೆ ಬಂದರೆ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಲ್ಲಿ ನಮ್ಮ ಕಾಲದ ಕಟ್ಟುನಿಟ್ಟಿನವರಿಗಿಂತ ಭಕ್ತಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು, ಸುವಾರ್ತೆಯ ಪುಸ್ತಕಗಳನ್ನು ಅಚ್ಚುಮಾಡಿದ ಮುದ್ರಣಾಲಯದಿಂದಲೇ, ಜೈಮಿನಿ ಭಾರತದೊಡನೆಯೂ ಬಸವಪುರಾಣದೊಡನೆಯೂ ಪುರಂದರದಾಸರೇ ಮೊದಲಾದ ಹರಿದಾಸರ ಪದಗಳನ್ನು ಸಂಗ್ರಹಿಸಿ ಹೊರತಂದರು. ದಾಸರ ಪದಗಳು ಮೊಟ್ಟಮೊದಲಿಗೆ ಅಚ್ಚಿನ ಮುಖವನ್ನು ಕಂಡುದರಲ್ಲಿ ಒಬ್ಬ ಕ್ರೈಸ್ತ ಬೋಧಕನ ಶ್ರಮವಿದೆಯೆಂಬುದು ನಾವು ಮರೆಯಬಾರದ ಮಾತು. ಫರ್ಡಿನಂಡ್ ಕಿಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ದೇಶೀಯ ಛಂದಸ್ಸಿನಲ್ಲಿ ರಚಿಸಿದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ನೆರೆಯವರ ಹಾಡಿಗೆ ಕಿವಿಗೊಡದೆ ಇದ್ದಿದ್ದರೆ ಅದರ ಲಯವು ಅವರಿಗೆ ಒಲಿಯುತ್ತಿತ್ತೇ? ಕನ್ನಡದ ಕಿವಿಯುಳ್ಳ ಸುವಾರ್ತೆಯು ನಮಗೆ ದೊರೆತದ್ದು ಅಂಥ ಆಲಿಸುವಿಕೆಯಿಂದ.

ದೇವಾಲಯದ ಹಾಡೂ ತಪ್ಪಬಲ್ಲದು

1823ರಲ್ಲಿ ಕಲ್ಕತ್ತೆಯ ಬಿಷಪ್ಪರಾದ ರೆಜಿನಾಲ್ಡ್ ಹೀಬರರು ಸ್ತೋತ್ರಗೀತೆಗಳ ಶ್ರೇಷ್ಠ ಕರ್ತೃಗಳು. ಅವರ ಕೃತಿಗಳಲ್ಲಿ ಹಲವನ್ನು ನಾವು ಕೃತಜ್ಞತೆಯಿಂದ ಹಾಡುತ್ತೇವೆ. ಆದರೆ ಭಾರತವನ್ನು ಕಾಣುವ ಮೊದಲೇ, 1819ರಲ್ಲಿ, ಅವರು ಬರೆದ ಪ್ರಸಿದ್ಧ ಮಿಷನರಿ ಗೀತೆಯೊಂದರಲ್ಲಿ ಸಿಂಹಳ ದ್ವೀಪದ ಪ್ರಕೃತಿಯನ್ನು ಹೊಗಳಿ ಅಲ್ಲಿಯ ಮನುಷ್ಯನನ್ನು ಮಾತ್ರ ನೀಚನೆಂದು ಹಳಿದ ಮಾತು ಸೇರಿತು. 1925ರ ಜುಲೈ ತಿಂಗಳಲ್ಲಿ ಕಲ್ಕತ್ತೆಯ ವೈ.ಎಂ.ಸಿ.ಎ.ಯಲ್ಲಿ ಮಿಷನರಿಗಳ ಸಭೆಯನ್ನುದ್ದೇಶಿಸಿ ಮಾತನಾಡಿದ ಮಹಾತ್ಮ ಗಾಂಧಿಯವರು ಆ ಸಾಲುಗಳು ತಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿದುವೆಂದು ನೊಂದು ಹೇಳಿದರು. ದೇವರ ಹೆಸರಿದ್ದ ಹಾಡು ನೆರೆಯವನನ್ನು ಹೀನೈಸಿತು; ಬಿಷಪ್ಪನು ಬರೆದನೆಂಬುದು ಅದನ್ನು ಕಾಯಲಿಲ್ಲ. ನ್ಯಾಯವನ್ನು ತೊರೆದವರು ಹಾಡಿದ ಸ್ತೋತ್ರಗಳ ಗದ್ದಲವನ್ನು ದೇವರು ಸಹಿಸನೆಂದು ಪ್ರವಾದಿಯಾದ ಆಮೋಸನು ಸಾರಿದ್ದು ಇದನ್ನೇ. ಆದುದರಿಂದ ಪರೀಕ್ಷೆಯು ಎರಡೂ ಕಡೆಯ ಹಾಡುಗಳಿಗೆ ಸಮನಾಗಿ ನಡೆಯಬೇಕು.

ನೆರೆಯವನ ಹಾಡು

ಆಂಗ್ಲಿಕನ್ ಯಾಜಕರಾಗಿದ್ದ ಸಿ. ಎಫ್. ಆಂಡ್ರೂಸರು 1912ರಲ್ಲಿ ಲಂಡನ್ನಿನ ಮನೆಯೊಂದರಲ್ಲಿ ರವೀಂದ್ರನಾಥ ಠಾಕೂರರ ಗೀತಾಂಜಲಿಯ ಇಂಗ್ಲಿಷ್ ರೂಪವನ್ನು ಓದುವುದನ್ನು ಕೇಳಿದರು. ಕ್ರೈಸ್ತಸಭೆಗೆ ಸೇರದ ಕವಿಯೊಬ್ಬನ ಆ ಗೀತೆಗಳು ಅವರನ್ನು ಕ್ರಿಸ್ತನಿಂದ ದೂರ ಒಯ್ಯಲಿಲ್ಲ. ಶಾಂತಿನಿಕೇತನಕ್ಕೆ ಕರೆತಂದು, ದೀನರ ಸೇವೆಯಲ್ಲಿ ಜೀವವನ್ನು ಸವೆಸುವಂತೆ ಮಾಡಿದುವು. 1940ರಲ್ಲಿ ಅವರು ಕಲ್ಕತ್ತೆಯಲ್ಲಿಯೇ ದೇಹವಿಟ್ಟರು. ಆ ರವೀಂದ್ರರಾದರೋ ಶಾಂತಿನಿಕೇತನದಲ್ಲಿ ಪ್ರತಿ ಕ್ರಿಸ್ಮಸ್ಸಿನಂದು ಕ್ರಿಸ್ತೋತ್ಸವವನ್ನು ನಡೆಸುವ ಸಂಪ್ರದಾಯವನ್ನು ಹಾಕಿಕೊಟ್ಟವರು. ನಮ್ಮ ಕರ್ತನನ್ನು ನೆರೆಯವನು ಹಾಡಿ ಗೌರವಿಸುತ್ತಿರುವಾಗ, ಅವನ ದುಃಖಸಂತೋಷಗಳನ್ನು ಹೊತ್ತ ಹಾಡನ್ನು ಕೇಳಲು ಕೂಡ ನಾವು ಒಲ್ಲೆವೆನ್ನುವುದು ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಗೆ ಹೇಗೆ ಒಪ್ಪೀತು?

ಆಕ್ಷೇಪಗಳಿಗೆ ಉತ್ತರ

ಲೋಕವನ್ನು ಪ್ರೀತಿಸಬೇಡಿರೆಂದು ಅಪೊಸ್ತಲನಾದ ಯೋಹಾನನು ಬರೆದಿರುವನಷ್ಟೆ ಎಂದು ಕೆಲವರು ಕೇಳುತ್ತಾರೆ. ಅಹುದು; ಆದರೆ ಅವನು ತಾನೇ ವಿವರಿಸಿರುವಂತೆ ಅಲ್ಲಿ ನಿಂದೆಗೆ ಗುರಿಯಾದದ್ದು ಭೋಗಲಾಲಸೆ, ಕಂಡುದನ್ನೆಲ್ಲ ಬಯಸುವ ಲೋಭ, ಸಂಪತ್ತಿನ ಗರ್ವ. ಈ ಮೂರೂ ಸಿನಿಮಾದ ಹಾಡಿನಲ್ಲಿರಬಹುದು. ಗಾಯಕವೃಂದದ ಮೇಲಾಟದಲ್ಲಿಯೂ, ಧ್ವನಿವರ್ಧಕದ ಆಡಂಬರದಲ್ಲಿಯೂ ಇರಬಹುದು.

ಹಾಡುಗಳಿಂದ ಯುವಕರು ಕೆಡುತ್ತಾರೆಂಬ ತಂದೆತಾಯಿಗಳ ಭೀತಿಯು ಬರಿಯ ಭ್ರಮೆಯಲ್ಲ. ಹೆಣ್ಣನ್ನು ಭೋಗವಸ್ತುವೆಂದು ಕಾಣಿಸುವ, ಕುಡಿತವನ್ನು ಶೌರ್ಯವೆಂದು ಮೆರೆಯಿಸುವ, ಒಂದು ಜಾತಿಯ ಅಥವಾ ಮತದ ಮೇಲೆ ದ್ವೇಷವನ್ನು ಹೊತ್ತಿಸುವ ಹಾಡುಗಳು ದಿನವೂ ಹುಟ್ಟುತ್ತಿವೆ. ಅವುಗಳನ್ನು ನಿಸ್ಸಂಕೋಚವಾಗಿ ತ್ಯಜಿಸಬೇಕು. ತ್ಯಜಿಸಬೇಕಾದುದು ಅವುಗಳಲ್ಲಿ ಯೇಸುವಿನ ಹೆಸರಿಲ್ಲವೆಂದಲ್ಲ, ಅವು ಮನುಷ್ಯನನ್ನು ಕುರಿತು ಸುಳ್ಳು ಹೇಳುತ್ತವೆಂದು. ಎಲ್ಲವನ್ನೂ ಒಂದೇ ಮಾತಿನಿಂದ ನಿಷೇಧಿಸಿದ ಮನೆಯಲ್ಲಿ ಮಕ್ಕಳು ಕದ್ದು ಕೇಳುವುದನ್ನು ಕಲಿಯುತ್ತಾರೆಯೇ ಹೊರತು ಆರಿಸಿ ಕೇಳುವುದನ್ನು ಕಲಿಯುವುದಿಲ್ಲ. ಕಾಳನ್ನೂ ಹೊಟ್ಟನ್ನೂ ಒಟ್ಟಿಗೆ ಚೆಲ್ಲುವವನಿಗೆ ಮೊರದ ಉಪಯೋಗವು ತಿಳಿಯುವುದೆಂತು?

ಅನ್ಯದೇವತೆಗಳನ್ನು ಸ್ತುತಿಸುವ ಹಾಡುಗಳ ವಿಷಯವೇನು ಎಂಬ ಪ್ರಶ್ನೆಯು ಇವೆಲ್ಲಕ್ಕಿಂತ ಗಹನವಾದುದು. ತಾನು ನಂಬದ ಸ್ತುತಿಯನ್ನು ತನ್ನದೆಂಬಂತೆ ಹಾಡುವುದು ಕ್ರೈಸ್ತನಿಗೂ ಸಲ್ಲದು, ಆ ಭಕ್ತರಿಗೂ ಗೌರವವಲ್ಲ. ಆದರೆ ಕಲೆಯೆಂದು, ನೆರೆಯವನ ಹೃದಯದ ಮಾತೆಂದು, ಗೌರವದಿಂದ ಆಲಿಸುವುದು ಪೂಜೆಯಾಗದು. ಇಷ್ಟಾದರೂ ಯಾವನ ಮನಸ್ಸಾಕ್ಷಿಯು ಇದಕ್ಕೆ ಅಳುಕುತ್ತದೆಯೋ ಅವನನ್ನು ಬಲವಂತಪಡಿಸಬಾರದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಆಹಾರದ ವಿಚಾರವಾಗಿ ಹೇಳಿದ ನಿಯಮವೇ ಇಲ್ಲಿಯೂ ನಡೆಯಬೇಕು: ಕೇಳುವವನು ಕೇಳದವನನ್ನು ಹೀನೈಸದಿರಲಿ, ಕೇಳದವನು ಕೇಳುವವನಿಗೆ ತೀರ್ಪುಮಾಡದಿರಲಿ.

ಕಡೆಯದಾಗಿ, ಹಗಲಿರುಳೂ ಕಿವಿಯಲ್ಲಿ ಹಾಡನ್ನು ತುಂಬಿಕೊಂಡವನಿಗೆ ಪ್ರಾರ್ಥನೆಗೆ ಎಡೆಯೆಲ್ಲಿ ಎಂದು ಕೇಳುವವರ ಮಾತನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಅದು ಲೋಕದ ಹಾಡಿನ ದೋಷವಲ್ಲ, ಮಿತಿಯಿಲ್ಲದಿರುವಿಕೆಯ ದೋಷ. ಕ್ರೈಸ್ತಗೀತೆಗಳನ್ನೇ ದಿನವಿಡೀ ಹರಿಯಬಿಟ್ಟ ಮನೆಯಲ್ಲಿಯೂ ಮೌನವು ಸತ್ತಿರುತ್ತದೆ.

ನಮ್ಮ ಬಿನ್ನಹ

ಸಭಾಪಾಲಕರೇ, ನಿಷೇಧದ ಪಟ್ಟಿಯನ್ನು ಓದುವ ಬದಲು, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂದು ಪೌಲನು ಥೆಸಲೊನೀಕದವರಿಗೆ ಕಲಿಸಿದ ವಿವೇಚನೆಯನ್ನು ನಮ್ಮ ಯುವಕರಿಗೆ ಕಲಿಸಿರಿ. ತಂದೆತಾಯಿಗಳೇ, ಮಕ್ಕಳು ಕೇಳುವ ಹಾಡನ್ನು ಅವರೊಡನೆ ಕುಳಿತು ಕೇಳಿರಿ. ಇದು ನಿಜವನ್ನು ಹೇಳುತ್ತದೆಯೇ, ಇದನ್ನು ಕೇಳಿದ ಮೇಲೆ ಇನ್ನೊಬ್ಬ ಮನುಷ್ಯನು ನಿನಗೆ ಹೆಚ್ಚು ಪ್ರಿಯನಾಗುತ್ತಾನೆಯೇ ಅಗ್ಗವಾಗುತ್ತಾನೆಯೇ, ಇದನ್ನು ಕೇಳಿ ಎದ್ದು ನೀನು ಪ್ರಾರ್ಥಿಸಬಲ್ಲೆಯಾ, ಎಂದು ಪ್ರೀತಿಯಿಂದ ವಿಚಾರಿಸಿರಿ. ಅದೇ ಪ್ರಶ್ನೆಗಳನ್ನು ಭಾನುವಾರದ ಗೀತೆಗಳಿಗೂ ಹಾಕಿರಿ. ಯುವಕಯುವತಿಯರೇ, ಈ ಸ್ವಾತಂತ್ರ್ಯವು ಆಲಸ್ಯಕ್ಕೆ ರಹದಾರಿಯಲ್ಲ. ಬಂದುದನ್ನೆಲ್ಲ ಕೇಳುವವನು ನಿಷೇಧಕ್ಕೆ ತಲೆಬಾಗಿದವನಿಗಿಂತ ಹೆಚ್ಚು ಪರತಂತ್ರನು. ಆರಿಸಿ ಕೇಳಿರಿ, ಗಮನವಿಟ್ಟು ಕೇಳಿರಿ, ಸಾಧ್ಯವಾದರೆ ಒಂದು ವಾದ್ಯವನ್ನು ಕಲಿಯಿರಿ; ಒಳ್ಳೆಯದೆಲ್ಲವೂ ದೇವರಿಂದ ಬಂದುದೆಂದು ನಂಬುವ ನಾವು, ಅದು ಯಾರ ಕಂಠದಿಂದ ಬಂದರೂ ಅದಕ್ಕಾಗಿ ಆತನಿಗೆ ಸ್ತೋತ್ರ ಹೇಳಲು ಹಿಂಜರಿಯದಿರೋಣ.

ಓದಿದ ಮೇಲೆ ದಯಮಾಡಿ ಇದನ್ನು ಇನ್ನೊಬ್ಬರಿಗೆ ಕೊಡಿರಿ. ಭಿನ್ನಾಭಿಪ್ರಾಯವುಳ್ಳವರಿಗೆ ಮೊದಲು ಕೊಡಿರಿ.