ಎಪ್ಪತ್ತೆರಡು ಗಜ ಬಟ್ಟೆ

ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿದ ಬಳಿಕವೂ, ಮುಗಿಲನ್ನೇ ನಂಬಿದ ಮುಂಡರಗಿ ಸೀಮೆಯ ಎರೆಹೊಲಗಳಿಂದ ತರುಣ ತರುಣಿಯರು ದುಡಿಮೆಯನ್ನರಸಿ ಬೆಂಗಳೂರಿಗೆ ತೆರಳುವುದು ನಿಂತಿಲ್ಲ. ಅವರಲ್ಲಿ ಕೆಲವರು ಸೇರುವುದು ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸಿಗೆ. ಅಲ್ಲಿ ಪಗಾರವಾದ ಮೇಲೆಯೇ ಇಲ್ಲಿಯ ಕಿರಾಣಿ ಅಂಗಡಿಯ ಉದ್ರಿ ತೀರುವುದಾದಕಾರಣ, ದೊಡ್ಡ ಕಂಪನಿಗಳು ಕೂಲಿ ಹೆಚ್ಚಿಸಬೇಕೆ ಎಂಬ ಪ್ರಶ್ನೆ ಈ ನದೀತೀರದ ಸೀಮೆಗೂ ಪರಕೀಯವಲ್ಲ.

ಹೆಚ್ಚಿಸಬೇಕೆಂದೇ ನನ್ನ ಮತ. ೨೦೨೦ರ ಏಪ್ರಿಲಿನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ ೪೧೭ ರೂಪಾಯಿ. ಕೊರೊನಾ ಕಾಲದ ಸಂಕಷ್ಟವನ್ನು ಮುಂದೊಡ್ಡಿ ಸರಕಾರ ಅದನ್ನು ಒಂದು ವರ್ಷ ಮುಂದೂಡಿತು. ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆಯಿತ್ತ ತರುವಾಯವೂ, ಜಗತ್ಪ್ರಸಿದ್ಧ ಬ್ರ್ಯಾಂಡುಗಳಿಗೆ ಅಂಗಿ ಹೊಲಿದುಕೊಡುವ ಅನೇಕ ಕಾರ್ಖಾನೆಗಳು ಆ ಏರಿಕೆಯನ್ನು ಬಹುಕಾಲ ಕೊಡಲಿಲ್ಲ. ಸಂಘಟನೆಗಳೂ ಪರದೇಶದ ಕೊಳ್ಳುಗರೂ ಒತ್ತಡ ತಂದಮೇಲಷ್ಟೇ ಬಾಕಿ ಪಾವತಿಯ ಮಾತು ಹೊರಟಿತು.

ಕನಿಷ್ಠ ವೇತನವೆಂದರೆ ಎಷ್ಟೆಂಬುದನ್ನು ೧೯೫೭ರ ಭಾರತೀಯ ಕಾರ್ಮಿಕ ಸಮ್ಮೇಳನವು ಅನ್ನ, ವಸತಿ, ಉರುವಲುಗಳ ಲೆಕ್ಕ ಹಿಡಿದು ನಿರ್ಣಯಿಸಿತ್ತು. ಅದರಂತೆ ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಎಪ್ಪತ್ತೆರಡು ಗಜ ಬಟ್ಟೆ. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಶಿಕ್ಷಣ, ಔಷಧೋಪಚಾರ, ಮುಪ್ಪು, ಮದುವೆಗಳಿಗಾಗಿ ಇದರ ಮೇಲೆ ಶೇಕಡಾ ೨೫ನ್ನು ಸೇರಿಸಿತು. ಸೂಪರ್‌ವೈಸರನ ಕೂಗಿನ ಕೆಳಗೆ, ಗಂಟೆಗಿಷ್ಟು ಪೀಸೆಂಬ ಟಾರ್ಗೆಟ್ಟಿನಲ್ಲಿ, ದಿನವಿಡೀ ಕಾಲರು ಕೂಡಿಸುವ ಹೆಣ್ಣುಮಗಳ ಕೈಯಿಂದ ಎಷ್ಟು ಗಜ ಅರಿವೆ ದಾಟಿಹೋಗುವುದೋ ಎಣಿಸಿದವರಾರು? ಕಾನೂನಿನ ಈ ಕನಿಷ್ಠವು ತಳಪಾಯವಾಗಬೇಕಾಗಿತ್ತು. ಕಂಪನಿಗಳು ಅದನ್ನೇ ಮಾಳಿಗೆಯೆಂದು ಬಗೆದಿವೆ.

ಹಿಂದೆ ಹಳ್ಳಿಯ ಬಡಿಗ ಕಮ್ಮಾರರಿಗೆ ಆಯ, ಅಂದರೆ ದುಡಿಮೆಯ ಪಾಲಿನ ಕಾಳು, ಸಲ್ಲುತ್ತಿದ್ದುದು ಕಣದಲ್ಲಿ, ರಾಶಿಯ ಮುಂದೆ. ಜಾತಿಯ ಕಟ್ಟು ಅದರಲ್ಲಿದ್ದಿತು, ಅದನ್ನು ನಾನು ಹೊಗಳಲಾರೆ. ಆದರೆ ದುಡಿದವನಿಗೆ ರಾಶಿ ಕಾಣುತ್ತಿತ್ತು. ಹೊಲಿದವಳಿಗೆ ಅಂಗಿ ಯಾವ ಬೆಲೆಗೆ ಮಾರಾಟವಾಯಿತೆಂಬುದು ತಿಳಿಯದು.

ಕೂಲಿ ಏರಿದರೆ ಉದ್ದಿಮೆ ಬಾಂಗ್ಲಾದೇಶಕ್ಕೆ ಓಡೀತೆಂಬ ವಾದ ಕೇವಲ ಬೆದರಿಕೆಯಲ್ಲ, ಒಪ್ಪುತ್ತೇನೆ. ನಾಲ್ಕು ಮಗ್ಗ ಇಟ್ಟುಕೊಂಡ ಬೆಟಗೇರಿಯ ನೇಕಾರನನ್ನೂ ಸಾವಿರಾರು ಮಂದಿಯನ್ನು ದುಡಿಸುವ ರಫ್ತುದಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಅನ್ಯಾಯ. ಆದರೆ ರಫ್ತುದಾರನ ಬೆಲೆಯನ್ನು ಹಿಂಡುವವನು ಅವನಿಗಿಂತ ದೊಡ್ಡ ಕೊಳ್ಳುಗನಾದ್ದರಿಂದ, ಖರೀದಿಯ ಕರಾರಿನಲ್ಲಿ ಹೊಲಿಗೆಯ ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿ, ಅದನ್ನು ಚೌಕಾಸಿಯಿಂದ ಹೊರಗಿರಿಸುವಂತೆ ಸರಕಾರ ವಿಧಿಸಲಿ; ತುಟ್ಟಿಭತ್ಯೆ ಏರಿದ ತಿಂಗಳೇ ಆ ಅಂಕಿಯೂ ಏರಲಿ.