ಬೆನ್ನುನೋವು: ಮನೆಮದ್ದಿಗೂ ಒಂದು ಗಡುವು ಇರಲಿ

ನಡುನೋವು, ಟೊಂಕನೋವು, ಸೊಂಟನೋವು ಎಂದು ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಹೆಸರಿನಿಂದ ಕರೆಯಲ್ಪಡುವ ಈ ಬಾಧೆಯನ್ನು ಕಾಣದ ಮನೆ ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರು ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು. ರೋಗವು ಇಷ್ಟು ವ್ಯಾಪಕವಾಗಿರುವಾಗ ಮದ್ದು ಹೇಳುವವರೂ ಅಷ್ಟೇ ವ್ಯಾಪಕವಾಗಿರುವುದು ಸಹಜ. ಔಡಲೆಣ್ಣೆ ತಿಕ್ಕಿರಿ ಎಂಬವರು ಒಬ್ಬರು, ಎಕ್ಕದ ಎಲೆ ಕಟ್ಟಿರಿ ಎಂಬವರು ಇನ್ನೊಬ್ಬರು. ಉಳುಕು ತೆಗೆಸಿಕೊಳ್ಳಿ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳಿ, ಬರೆ ಹಾಕಿಸಿಕೊಳ್ಳಿ ಎಂಬ ಸಲಹೆಗಳಿಗೂ ಕೊರತೆಯಿಲ್ಲ. ಇವುಗಳ ಜೊತೆಗೆ ಮೊಬೈಲಿನಲ್ಲಿ ದಿನಕ್ಕೊಂದು ಹೊಸ ಮದ್ದು ಬರುತ್ತಿದೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಭಕ್ತರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ.

ಸುಮಾರು ನಾಲ್ಕು ದಶಕಗಳಿಂದ ಆಯುರ್ವೇದ ವೃತ್ತಿಯಲ್ಲಿರುವ ನಾವು ಮನೆಮದ್ದನ್ನೆಲ್ಲ ಹೊಗಳುತ್ತೇವೆ ಎಂದು ಕೆಲವರು ನಿರೀಕ್ಷಿಸಬಹುದು. ನಮ್ಮದು ಎಂಬ ಅಭಿಮಾನ ಬೇರೆ, ಅದರ ಗುಣದೋಷಗಳ ವಿವೇಚನೆ ಬೇರೆ. ಯಾವುದೇ ಚಿಕಿತ್ಸೆಯನ್ನು ಕೈಗೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಇದನ್ನು ಮಾಡದಿದ್ದರೆ ಏನಾಗುತ್ತಿತ್ತು? ಇದರಿಂದ ಕೇಡಾಗುವ ಸಂಭವವಿದೆಯೇ? ಇದನ್ನು ನಂಬಿ ಕುಳಿತರೆ ಬೇರೆ ಯಾವ ಅಗತ್ಯದ ಚಿಕಿತ್ಸೆ ತಡವಾಗುತ್ತದೆ?

ತಾನಾಗಿ ಇಳಿಯುವ ನೋವು

ಭಾರ ಎತ್ತಿದಾಗ, ಹೊಲದಲ್ಲಿ ಬಗ್ಗಿ ಕಳೆ ತೆಗೆದಾಗ, ದೂರದ ಬಸ್ ಪ್ರಯಾಣ ಮಾಡಿದಾಗ ಹಿಡಿದುಕೊಳ್ಳುವ ಬೆನ್ನುನೋವು ಬಹುತೇಕ ಜನರಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ಈ ಒಂದು ಸಂಗತಿಯನ್ನು ಅರಿತರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ನೋವು ಇಳಿಯುವ ಹೊತ್ತಿಗೆ ರೋಗಿಯು ಯಾವ ಮದ್ದನ್ನು ಮಾಡುತ್ತಿರುತ್ತಾನೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬಂತೆ, ಬೆನ್ನು ತುಳಿದವನಿಗೂ ಎಣ್ಣೆ ಮಾರಿದವನಿಗೂ ಒಳ್ಳೆಯ ಹೆಸರು ಬರುತ್ತದೆ. ನಮ್ಮಂಥ ವೈದ್ಯರೂ ಈ ಮಾತಿಗೆ ಹೊರತಲ್ಲ.

ಇದೇ ಬಗೆಯ ಇನ್ನೊಂದು ಭ್ರಮೆ ಸ್ಕ್ಯಾನಿಂಗ್ ವರದಿಗೆ ಸಂಬಂಧಿಸಿದುದು. ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ, ಸವೆದಿದೆ ಎಂದು ಓದಿದೊಡನೆ ಅನೇಕರು ಎದೆಗುಂದುತ್ತಾರೆ. ಆದರೆ ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಗೆ ಡಿಸ್ಕ್ ಉಬ್ಬು ಕಾಣುತ್ತದೆ. ಎಂಬತ್ತರ ವಯಸ್ಸಿನಲ್ಲಿ ಈ ಪ್ರಮಾಣವು 84ಕ್ಕೆ ಏರುತ್ತದೆ ಎಂದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿದೆ. ಕೂದಲು ನರೆತಂತೆ ಡಿಸ್ಕ್ ಸವೆಯುವುದೂ ವಯೋಧರ್ಮ. ಆದುದರಿಂದ ಚಿತ್ರವನ್ನಷ್ಟೇ ನೋಡಿ ಚಿಕಿತ್ಸೆ ಮಾಡುವುದು ಸಲ್ಲದು. ರೋಗಿಯನ್ನು ನೋಡಿ ಮಾಡಬೇಕು.

ಮನೆಮದ್ದಿನ ತೂಕ

ಬೆನ್ನಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುವುದು, ಲಕ್ಕಿ ಸೊಪ್ಪು ಅಥವಾ ಔಡಲ ಎಲೆಯನ್ನು ಬಿಸಿಮಾಡಿ ಕಾವು ಕೊಡುವುದು, ಹುರಿದ ಉಪ್ಪಿನ ಗಂಟಿನಿಂದ ಶಾಖ ನೀಡುವುದು ಇವೆಲ್ಲ ಒಳ್ಳೆಯ ಉಪಚಾರಗಳೇ. ವಾತಪ್ರಧಾನವಾದ ನೋವಿಗೆ ಸ್ನೇಹನ, ಸ್ವೇದನಗಳನ್ನು ನಮ್ಮ ಶಾಸ್ತ್ರವು ವಿಧಿಸಿದೆ. ಶಾಖವು ಬಿಗಿದ ಮಾಂಸಖಂಡವನ್ನು ಸಡಿಲಗೊಳಿಸುತ್ತದೆ ಎಂಬುದನ್ನು ಆಧುನಿಕ ವೈದ್ಯರೂ ಒಪ್ಪುತ್ತಾರೆ. ಖರ್ಚು ಕಡಿಮೆ, ಅಪಾಯವೂ ಕಡಿಮೆ. ಹಾಗಾಗಿ ನಮ್ಮ ಮೂರು ಪ್ರಶ್ನೆಗಳಲ್ಲಿ ಇವು ಉತ್ತೀರ್ಣವಾಗುತ್ತವೆ.

ಆದರೂ ಕೆಲವು ಎಚ್ಚರಗಳು ಬೇಕು. ಬೆಳಿಗ್ಗೆ ಏಳುವಾಗ ಮೈಯೆಲ್ಲ ಜಡ, ಹಸಿವಿಲ್ಲ, ಕೀಲುಗಳಲ್ಲಿ ಬಾವು ಎಂಬ ಲಕ್ಷಣಗಳಿದ್ದರೆ ಅದು ಆಮದಿಂದ ಕೂಡಿದ ವಾತ. ಅಂಥಲ್ಲಿ ಎಣ್ಣೆ ತಿಕ್ಕಿದರೆ ನೋವು ಹೆಚ್ಚುತ್ತದೆ. ಬಿಸಿ ಮರಳಿನ ಗಂಟಿನ ಒಣ ಶಾಖವೇ ಅಲ್ಲಿ ಹಿತ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದು ಚರ್ಮದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಶಾಖದ ಬಿಸಿ ತಿಳಿಯದೆ ಸುಟ್ಟ ಗಾಯವಾಗಬಹುದು. ಅಂಥವರಿಗೆ ಮನೆಯವರು ತಮ್ಮ ಕೈಯಿಂದ ಬಿಸಿಯನ್ನು ಪರೀಕ್ಷಿಸಿಯೇ ಕೊಡಬೇಕು. ಔಡಲೆಣ್ಣೆಯನ್ನು ಶುಂಠಿಯ ಕಷಾಯದೊಡನೆ ಕುಡಿಯುವ ಪದ್ಧತಿ ಶಾಸ್ತ್ರೀಯವೇ ಆದರೂ ಅದು ಭೇದಿಯ ಔಷಧ. ಗರ್ಭಿಣಿಯರಿಗೆ ಅದು ವರ್ಜ್ಯ. ಅಶಕ್ತ ವೃದ್ಧರು ವೈದ್ಯರನ್ನು ಕೇಳದೆ ಕುಡಿಯಬಾರದು.

ನೋವು ಬಂದಾಗ ವಾರಗಟ್ಟಲೆ ಮಲಗಿರಬೇಕೆಂಬುದು ಹಳೆಯ ನಂಬಿಕೆ. ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ತಾಳಿಕೊಳ್ಳುವಷ್ಟು ಮಟ್ಟಿಗೆ ಓಡಾಡುವುದೇ ಲೇಸು. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಬರೀ ಹಲಗೆಯ ಮೇಲೆ ಮಲಗಬೇಕೆಂಬುದೂ ಕಡ್ಡಾಯವಲ್ಲ, ಮಧ್ಯಮ ಗಟ್ಟಿಯ ಹಾಸಿಗೆ ಸಾಕು. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕೂರಲಾಗದ ಹಿರಿಯರು ಕುರ್ಚಿಯ ಮೇಲೆ ಕುಳಿತು ಪೂಜಿಸಿದರೆ ನಿಷ್ಠೆಗೆ ಕುಂದಿಲ್ಲವೆಂದು ನಾವು ಭಾವಿಸುತ್ತೇವೆ.

ಇತರ ಚಿಕಿತ್ಸೆಗಳು

ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರಲ್ಲಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿಯನ್ನು ನಾವೂ ಮಾಡುತ್ತೇವೆ. ಬಿಗಿತ ಕಡಿಮೆಯಾಗಿ ರೋಗಿಗೆ ಹಿತವೆನಿಸುತ್ತದೆ. ಆದರೆ ಜಾರಿದ ಡಿಸ್ಕನ್ನು ಎಣ್ಣೆಯು ಒಳಗೆ ಕೂಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಂಚಕರ್ಮದ ಹೆಸರಿನಲ್ಲಿ ಸಾವಿರಾರು ರೂಪಾಯಿಗಳ ಪ್ಯಾಕೇಜನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುವಲ್ಲಿಯೂ ವಿವೇಕವಿರಲಿ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಬೆನ್ನುನೋವಿಗೆ ಮಾರ್ಗಸೂಚಿಯನ್ನು ಹೊರಡಿಸಿತು. ರೋಗಿಗೆ ತಿಳಿವಳಿಕೆ, ವ್ಯಾಯಾಮ, ಮರ್ದನ, ಮನೋಚಿಕಿತ್ಸೆ, ಅಕ್ಯುಪಂಕ್ಚರಿನಂಥ ಸೂಜಿ ಚಿಕಿತ್ಸೆ ಇವುಗಳಿಗೆ ಅದರಲ್ಲಿ ಸ್ಥಾನವಿದೆ. ಸೊಂಟದ ಬೆಲ್ಟು, ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್ ಇವುಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಅದು ಹೇಳಿದೆ. ನಮ್ಮಲ್ಲಿ ಬೆಲ್ಟು ಧರಿಸದ ಬೆನ್ನುನೋವಿನ ರೋಗಿಯೇ ವಿರಳ. ದಿನದಿನದ ನಡಿಗೆ ಮತ್ತು ವ್ಯಾಯಾಮ ಮಾಡುವವರೂ ಅಷ್ಟೇ ವಿರಳ! ಹಿತವಾದ ಯೋಗಾಸನಗಳನ್ನು ಬಲ್ಲವರಿಂದ ಕಲಿತು ಮಾಡುವುದು ಉತ್ತಮ. ಆದರೆ ನೋವು ಕಾಲಿಗೆ ಇಳಿಯುತ್ತಿರುವಾಗ ಮುಂದಕ್ಕೆ ಬಗ್ಗುವ ಆಸನಗಳನ್ನು ಪುಸ್ತಕ ನೋಡಿ ಮಾಡಬಾರದು.

ಇನ್ನು ಮೂರು ರೂಢಿಗಳನ್ನು ನಾವು ಸ್ಪಷ್ಟವಾಗಿ ವಿರೋಧಿಸುತ್ತೇವೆ. ಮೊದಲನೆಯದು, ಬೆನ್ನು ತುಳಿಸುವುದು ಮತ್ತು ಒರಟಾಗಿ ಉಳುಕು ತೆಗೆಸುವುದು. ಮುಟ್ಟು ನಿಂತ ತಾಯಂದಿರ ಮತ್ತು ವೃದ್ಧರ ಮೂಳೆಗಳು ಟೊಳ್ಳಾಗಿದ್ದರೆ ಒಂದು ತುಳಿತಕ್ಕೇ ಬೆನ್ನುಮೂಳೆ ಮುರಿಯಬಹುದು. ಎರಡನೆಯದು, ಬರೆ ಹಾಕಿಸುವುದು. ಸುಶ್ರುತರು ಹೇಳಿದ ಅಗ್ನಿಕರ್ಮಕ್ಕೆ ಸ್ಥಾನ, ಕಾಲ, ರೋಗಿ ಎಂಬ ನಿಯಮಗಳಿವೆ. ಕಾದ ಕಬ್ಬಿಣವನ್ನು ಕಂಡಲ್ಲಿ ಇಡುವುದಕ್ಕೆ ಆ ಹೆಸರು ಸಲ್ಲದು. ಮೂರನೆಯದು, ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳು. ಎರಡೇ ದಿನಗಳಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂದು ಸಂಶಯಿಸಲೇಬೇಕು. ಬಹುಕಾಲ ಸೇವಿಸಿದ್ದರೆ ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ತೋರಿಸಿ ನಿಲ್ಲಿಸಬೇಕು. ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಘಟಕದ್ರವ್ಯಗಳ ಪಟ್ಟಿ ಇಲ್ಲದ ಔಷಧವು ಆಯುರ್ವೇದವೆಂದು ಹೇಳಿಕೊಂಡರೂ ಬೇಡ.

ಕಾಯಬಾರದ ಲಕ್ಷಣಗಳು

ನಮ್ಮ ಲೇಖನದ ಮುಖ್ಯ ಉದ್ದೇಶವೇ ಈ ಭಾಗ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಗುದ ಮತ್ತು ತೊಡೆಸಂದಿಯ ಭಾಗ ಜೋಮು ಹಿಡಿಯುವುದು, ಕಾಲುಗಳ ಬಲ ಕುಂದುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಗಂಟೆಗಳ ವಿಳಂಬವೂ ಜೀವನಪರ್ಯಂತದ ಅಂಗವೈಕಲ್ಯಕ್ಕೆ ಕಾರಣವಾಗಬಹುದು. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಅರ್ಬುದ ರೋಗ ಬಂದಿದ್ದುದು, ಬಿದ್ದ ನಂತರ ಶುರುವಾದ ನೋವು ಇವು ಇದ್ದರೂ ಮನೆಮದ್ದಿಗೆ ಅವಕಾಶವಿಲ್ಲ. ಬೆನ್ನುಮೂಳೆಗೆ ಕ್ಷಯ ತಗುಲಿದ್ದರೂ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಕಾಲು ಸೋತ ಮೇಲೆ ಬಂದ ರೋಗಿಗಳನ್ನು ನಾವು ಕಂಡಿದ್ದೇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧ ಉಚಿತವಾಗಿ ದೊರೆಯುತ್ತದೆ. ಮೊದಲೇ ಬಂದಿದ್ದರೆ ಅವರಲ್ಲಿ ಹೆಚ್ಚಿನವರು ತಮ್ಮ ಕಾಲಿನ ಮೇಲೆ ನಡೆದೇ ಮನೆಗೆ ಹೋಗುತ್ತಿದ್ದರು.

ಪೃಷ್ಠದಿಂದ ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುವ ನೋವನ್ನು ಚರಕ ಸಂಹಿತೆಯು ಗೃಧ್ರಸಿ ಎಂದು ಕರೆದು ವಾತರೋಗಗಳಲ್ಲಿ ಎಣಿಸಿದೆ. ಇದನ್ನು ಬರೀ ಬೆನ್ನುನೋವೆಂದು ತಿಳಿಯದೆ ಆರಂಭದಲ್ಲಿಯೇ ವೈದ್ಯರಿಗೆ ತೋರಿಸಬೇಕು.

ನಮ್ಮ ಸೂಚನೆ

ಮೇಲಿನ ಲಕ್ಷಣಗಳಾವುವೂ ಇಲ್ಲದ ಸಾಮಾನ್ಯ ನೋವಿಗೆ ಎರಡು ವಾರ ಮನೆಮದ್ದು ಮಾಡಿರಿ. ಇಳಿಮುಖ ಕಾಣದಿದ್ದರೆ ಪದವೀಧರ ವೈದ್ಯರನ್ನು ಕಾಣಿರಿ. ಅವರು ಆಯುರ್ವೇದದವರಾದರೂ ಸರಿ, ಅಲೋಪತಿಯವರಾದರೂ ಸರಿ. ಆರು ವಾರ ಕಳೆದರೂ ನೋವು ಹಾಗೆಯೇ ಇದ್ದರೆ ಪೂರ್ಣ ತಪಾಸಣೆ ಆಗಲೇಬೇಕು. ಬೇರೆ ಪದ್ಧತಿಯ ವೈದ್ಯರ ಬಳಿ ಹೋಗುವಾಗ ಈಗಾಗಲೇ ಸೇವಿಸುತ್ತಿರುವ ಕಷಾಯ, ಗುಗ್ಗುಳು, ಭಸ್ಮಗಳನ್ನು ಮುಚ್ಚಿಡಬೇಡಿರಿ.

ಯಾವ ಪದ್ಧತಿ ದೊಡ್ಡದು ಎಂಬ ವಾದದಲ್ಲಿ ರೋಗಿಗೆ ಲಾಭವಿಲ್ಲ. ಕಾಯಕವೇ ಬದುಕಾಗಿರುವ ನಮ್ಮ ರೈತರಿಗೆ, ನೇಕಾರರಿಗೆ, ದಾಸೋಹದ ಮನೆಯಲ್ಲಿ ದುಡಿಯುವ ತಾಯಂದಿರಿಗೆ ಬೆನ್ನೇ ಬಂಡವಾಳ. ಅಜ್ಜಿಯ ಮದ್ದಿಗೆ ಗೌರವವಿರಲಿ. ಅದನ್ನು ಆರಂಭಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಎಚ್ಚರವೂ ಇರಲಿ ಎಂಬುದು ಸದ್ಭಕ್ತರಲ್ಲಿ ನಮ್ಮ ವಿನಂತಿ.